ಚೀಟಿ ಎತ್ತಿ ಕಾನೂನು ಮಾಡ್ತಾರಾ?

‘ಪ್ರಜಾಸಭೆ ಅಂದರೆ ಲಾಟರಿಯಲ್ಲಿ ಸಿಕ್ಕವರು ಕಾನೂನು ಮಾಡೋದು, ಇನ್ನು ನಮ್ಮ ಓಟಿಗೆ ಬೆಲೆ ಇರಲ್ಲ’ ಎನ್ನುವ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಓದಿದವರಿಗೆ ಆತಂಕ ಆಗುವುದು ಸಹಜ. ಓಟು ಸಣ್ಣ ವಿಷಯವೇನಲ್ಲ, ಅಲ್ವಾ?

ಪ್ರಜಾಸಭೆ ಅಂದರೆ ಒಂದು ವಿಷಯದ ಬಗ್ಗೆ ಕೂತು ಚರ್ಚಿಸಲು ಆರಿಸಿದ ಸಾಮಾನ್ಯ ಜನರ ಗುಂಪು. ಅವರನ್ನು ಆರಿಸಲು ಚೀಟಿ ಎತ್ತುವುದು ನಿಜ. ಕಾನೂನು ಮಾಡುತ್ತಾರೆ ಎನ್ನುವುದು ತಪ್ಪು. ಇಂಥ ಸಭೆಗಳು ಸಾಮಾನ್ಯವಾಗಿ ಸಲಹೆಯನ್ನಷ್ಟೇ ಕೊಡುತ್ತವೆ.

ಐರ್ಲೆಂಡ್ ನೋಡಿ. 2016ರಲ್ಲಿ ಅಲ್ಲಿ ಇಂಥದೊಂದು ಸಭೆಗೆ 99 ಸಾಮಾನ್ಯ ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿದರು. ಆದರೆ ಸುಮ್ನೆ ಯಾರನ್ನೋ ಅಲ್ಲ. ವಯಸ್ಸು, ಲಿಂಗ, ಪ್ರದೇಶ ಎಲ್ಲವೂ ದೇಶದ ಜನರಿಗೆ ಹೊಂದುವ ಹಾಗೆ. ಗರ್ಭಪಾತದಂಥ ಸೂಕ್ಷ್ಮ ವಿಷಯಕ್ಕೆ ಅವರು ಐದು ವಾರಾಂತ್ಯ ಕೂತರು. ವೈದ್ಯರು, ಕಾನೂನು ಬಲ್ಲವರು, ಪರ ಇದ್ದವರು, ವಿರೋಧ ಇದ್ದವರು, ಎಲ್ಲರ ಮಾತೂ ಕೇಳಿದರು. ಆಮೇಲೆ ಸಣ್ಣ ಸಣ್ಣ ಮೇಜುಗಳ ಸುತ್ತ ಚರ್ಚೆ. ಮಾತು ಜಾಸ್ತಿ ಆಡುವವರೇ ಮೆರೆಯದಂತೆ, ಸುಮ್ಮನಿದ್ದವರಿಗೂ ಸರದಿ ಸಿಗುವಂತೆ ನೋಡಿಕೊಳ್ಳಲು ಪ್ರತಿ ಮೇಜಿಗೂ ಒಬ್ಬರು. ನನಗೆ ತುಂಬಾ ಹಿಡಿಸುವುದು ಇದೇ. ಎದುರು ಕೂತವರ ಮುಖ ನೋಡಿ ಮಾತಾಡುವಾಗ ‘ಅವರ ಕಡೆಯವರು’ ಎಂಬ ಸಿಟ್ಟು ಇಳಿಯುತ್ತದೆ. ಅಭಿಪ್ರಾಯ ಬದಲಾಗದಿದ್ದರೂ ಸರಿ.

ಅವರ ಸಲಹೆ ಸಂಸತ್ತಿಗೆ ಹೋಯಿತು. ಕೊನೆಗೆ 2018ರ ಮೇ ತಿಂಗಳಲ್ಲಿ ದೇಶದ ಮತದಾರರೇ ಓಟು ಹಾಕಿ ತೀರ್ಮಾನಿಸಿದರು. ಓಟು ಹಾಕಿದವರಲ್ಲಿ 66.4% ಜನ ಗರ್ಭಪಾತದ ಬಗ್ಗೆ ಸಂವಿಧಾನದಲ್ಲಿದ್ದ ನಿಯಮ ಬದಲಿಸಲು ಒಪ್ಪಿದರು.

ಮುಂದೆ ಇಂಥ ಸಂದೇಶ ಬಂದರೆ ಸಭೆಯ ಹೆಸರು, ವರ್ಷ ಹಾಕಿ ಹುಡುಕಿ. ವರದಿ ಸಿಕ್ಕರೆ ಮೊದಲು ನೋಡಬೇಕಾದ್ದು ಕೊನೆಯ ತೀರ್ಮಾನ ಯಾರದು ಅನ್ನೋದನ್ನ. ಜನರನ್ನು ಹೇಗೆ ಆರಿಸಿದರು, ಯಾರ ಯಾರ ಮಾತು ಕೇಳಿಸಿದರು ಎನ್ನುವುದೂ ಅಲ್ಲೇ ಇರುತ್ತದೆ. ಸಂದೇಶದಲ್ಲಿ ಊರು, ವರ್ಷ ಏನೂ ಇಲ್ಲದಿದ್ದರೆ ಕಳಿಸಿದವರನ್ನೇ ಮೆಲ್ಲಗೆ ಕೇಳಿ: ‘ಇದು ಎಲ್ಲಿ ನಡೆದದ್ದು?’