ಸಂಗೀತ ನಿಂತಾಗ ವಾದ್ಯದವರಿಗೆ ಯಾರು ದಿಕ್ಕು?

ನಾನಿರುವ ಅಮೆರಿಕದ ಆಸ್ಟಿನ್ ತನ್ನನ್ನು ಲೈವ್ ಸಂಗೀತದ ವಿಶ್ವ ರಾಜಧಾನಿ ಅಂತ ಕರೆದುಕೊಳ್ಳುವ ಊರು. 2020ರ ಮಾರ್ಚ್ 6ರಂದು, ಸೌತ್ ಬೈ ಸೌತ್‌ವೆಸ್ಟ್ ಅನ್ನುವ ಸಂಗೀತ, ಸಿನಿಮಾ ಉತ್ಸವಕ್ಕೆ ವಾರ ಇರುವಾಗ, ನಗರಾಡಳಿತ ಕೊರೊನಾದಿಂದಾಗಿ ಅದನ್ನು ರದ್ದು ಮಾಡಿತು. ಆ ಹತ್ತು ದಿನದ ದುಡಿಮೆ ನಂಬಿಕೊಂಡು ಬಾಡಿಗೆ ಹೊಂದಿಸುವ ಕ್ಲಬ್‌ಗಳು, ಸೌಂಡ್ ಎಂಜಿನಿಯರುಗಳು ಎಷ್ಟೋ ಜನ. ಸ್ವಲ್ಪ ದಿನಕ್ಕೇ ಸಿಕ್ಸ್ತ್ ಸ್ಟ್ರೀಟ್, ರೆಡ್ ರಿವರ್ ಬೀದಿಗಳ ಕ್ಲಬ್‌ಗಳೆಲ್ಲ ಬಾಗಿಲು ಹಾಕಿದವು. ರಾಕ್ ಗಾಯಕಿ ಜಾನಿಸ್ ಜಾಪ್ಲಿನ್ ಕಾಲೇಜು ದಿನಗಳಲ್ಲಿ ಹಾಡುತ್ತಿದ್ದ ಥ್ರೆಡ್‌ಗಿಲ್ಸ್ ಹೋಟೆಲು ಮತ್ತೆ ತೆರೆಯಲೇ ಇಲ್ಲ.

ಕಲಾವಿದರು ಫೋನ್ ಮುಂದೆ ಕೂತರು. ಸೋಫಾ ಮೇಲೆ ಗಿಟಾರು, ಪರದೆಯ ಮೂಲೆಯಲ್ಲಿ ದುಡ್ಡು ಹಾಕಲು ವೆನ್ಮೋ ಅನ್ನುವ ಪಾವತಿ ಆ್ಯಪ್‌ನಲ್ಲಿ ಅವರ ಹೆಸರು. ಹಾಡು ಮುಗಿದರೆ ಚಪ್ಪಾಳೆ ಇಲ್ಲ, ಹಾಡಿದವನೇ ಥ್ಯಾಂಕ್ಯೂ ಅಂದು ತಂತಿ ಬಿಗಿ ಮಾಡಿಕೊಳ್ಳುತ್ತಿದ್ದ. ನೋಡಲು ಸಂಕಟವಾಗುತ್ತಿತ್ತು. ಆ ಟಿಪ್ಸ್‌ನಲ್ಲಿ ಸಂಸಾರ ನಡೆಯಲ್ಲ. ಕೈಹಿಡಿದದ್ದು ಅಮೆರಿಕದ ಸರ್ಕಾರ: ಸಂಬಳದ ನೌಕರಿ ಇಲ್ಲದವರಿಗೂ ನಿರುದ್ಯೋಗ ಭತ್ಯೆ ಬಂತು, ಜುಲೈವರೆಗೆ ಅದರ ಮೇಲೆ ವಾರಕ್ಕೆ 600 ಡಾಲರ್. ಕ್ಲಬ್‌, ಥಿಯೇಟರ್‌ಗಳಿಗೆ ಅಂತ ಡಿಸೆಂಬರ್‌ನಲ್ಲಿ ಕಾನೂನೇ ಬಂತು, ಸುಮಾರು 1,500 ಕೋಟಿ ಡಾಲರ್ ನೆರವು. ದುಡ್ಡು ಕೈಗೆ ಬರಲು ತುಂಬಾ ತಡವಾಯಿತು, ಅದು ನಿಜ.

ನಮ್ಮ ಕರ್ನಾಟಕದಲ್ಲಿ ಲಾಕ್‌ಡೌನ್ ಶುರುವಾದದ್ದೇ ಯುಗಾದಿಯ ದಿನ. ರಾಮನವಮಿ ಕಚೇರಿಗಳು ಹೋದವು, ಮದುವೆ ಸೀಸನ್ ಹೋಯಿತು. 50 ಜನರ ಮದುವೆಗೆ ಆರ್ಕೆಸ್ಟ್ರಾ ಯಾರು ಕರೀತಾರೆ? ಓಲಗದವರ ಮನೆಯಲ್ಲಿ ಡೋಲು ಮೂಲೆ ಸೇರಿತು. 2021ರ ಮೇನಲ್ಲಿ ರಾಜ್ಯ ಸರ್ಕಾರ ಕಲಾವಿದರಿಗೆ ಕೊಟ್ಟದ್ದು ತಲಾ 3,000 ರೂಪಾಯಿ. ಅದರಲ್ಲಿ ಎಷ್ಟು ದಿನ ಅಡುಗೆ ಆಗುತ್ತೆ ಹೇಳಿ.

ಅಮೆರಿಕದ ಹತ್ತಿರ ದುಡ್ಡು ಜಾಸ್ತಿ ಇದೆ ಅಂತ ಸುಮ್ನೆ ಬಿಡುವ ಮಾತಲ್ಲ ಇದು. ಇಲ್ಲಿ ಗಿಟಾರು ನುಡಿಸುವವನ ಗಳಿಕೆಯೂ ತೆರಿಗೆ ಲೆಕ್ಕದಲ್ಲಿ ಬರುತ್ತೆ, ಅದನ್ನು ತೋರಿಸಿ ಅರ್ಜಿ ಹಾಕಬಹುದಿತ್ತು. ನಮ್ಮ ತಬಲಾದವರಿಗೆ ಕಾರ್ಯಕ್ರಮ ಮುಗಿದ ಮೇಲೆ ಕವರ್ ಕೈಗಿಡುತ್ತೇವೆ, ರಸೀದಿ ಎಲ್ಲಿ? ಇನ್ನೊಂದು, ಆಸ್ಟಿನ್‌ನಲ್ಲಿ ಕಡಿಮೆ ಆದಾಯದ ಸಂಗೀತಗಾರರಿಗೆ ವಿಮೆ, ವೈದ್ಯರನ್ನು ಹೊಂದಿಸಿಕೊಡುವ ಹಾಮ್ ಅನ್ನುವ ಸಂಸ್ಥೆ 2005ರಿಂದಲೇ ಇದೆ. ರೋಗ ಬರುವ ಮೊದಲೇ ಇತ್ತು, ಅದಕ್ಕೇ ಕೆಲಸಕ್ಕೆ ಬಂತು. ಇಷ್ಟೊಂದು ಕಂಪನಿಗಳಿರುವ ಬೆಂಗಳೂರಿಗೆ ಇಂಥದ್ದೊಂದು ಕಟ್ಟಲು ಆಗಲ್ವಾ?

ಹೊರನಾಡ ಸಂಘಗಳು ನಾವೂ ರಾಜ್ಯೋತ್ಸವಕ್ಕೆ ಊರಿಂದ ಗಾಯಕರನ್ನು ಕರೆಸಿ ಟಿಕೆಟ್ ಮಾರುತ್ತೇವೆ. ಪ್ರತಿ ಟಿಕೆಟ್‌ನಿಂದ ಸ್ವಲ್ಪ ಹಣ ತೆಗೆದಿಟ್ಟು ಈ ವರ್ಷದಿಂದಲೇ ವಿಮೆ ಕಟ್ಟೋಣ. ಮೊದಲು ಪಕ್ಕವಾದ್ಯದವರಿಗೆ, ಆಮೇಲೆ ಮೈಕ್ ಕಟ್ಟುವವರಿಗೆ.