ಕದಿರು ಕೊಳ್ಳುವ ಬದಲು ಬೆಳೆಯಿರಿ

ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬಂತೆಂದರೆ ಪ್ರತಿ ವರ್ಷ ಒಂದೇ ಪ್ರಶ್ನೆ: "ಕದಿರು ಎಲ್ಲಿ ಸಿಗುತ್ತೆ?" ಕದಿರು ಎಂದರೆ ಹಬ್ಬದ ರಾತ್ರಿ ಕೊಯ್ದು ತರುವ ಭತ್ತದ ತೆನೆ. ಮಡಿಕೇರಿ, ಗೋಣಿಕೊಪ್ಪದಲ್ಲೂ ಕೇಳುತ್ತಾರೆ, ಬೆಂಗಳೂರು, ಮೈಸೂರಿನಲ್ಲಿರುವ ನಮ್ಮವರೂ ಊರಿಗೆ ಫೋನ್ ಮಾಡಿ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಗದ್ದೆ ಇಲ್ಲದವರು, ಇದ್ದ ಗದ್ದೆ ಪಾಳು ಬಿಟ್ಟವರು ಇನ್ನೇನು ಮಾಡಿಯಾರು? ಆದರೆ ನವೆಂಬರ್‌ನಲ್ಲಿ ಈ ಪ್ರಶ್ನೆಗೆ ಒಳ್ಳೆಯ ಉತ್ತರ ಇರುವುದಿಲ್ಲ. ಒಂದು ಬಕೆಟ್ ಭತ್ತಕ್ಕೂ ನಾಲ್ಕು ತಿಂಗಳು ಬೇಕು. ಅದಕ್ಕೇ ಜೂನ್ ಮಳೆ ಹಿಡಿದಿರುವ ಈಗಲೇ ಇದನ್ನು ಬರೆಯುತ್ತಿರುವುದು.

ಹಬ್ಬದ ಹೆಸರಲ್ಲೇ ಎಲ್ಲ ಇದೆ. ಕೊಡವರ ಮಾತಾದ ಕೊಡವ ತಕ್ಕ್‌ನಲ್ಲಿ ಪುತ್ತರಿ ಎಂದರೆ ಹೊಸ ಅಕ್ಕಿ. ಹೊಸ ಅಕ್ಕಿ ಮನೆಗೆ ಬಂದದ್ದಕ್ಕೆ ಕೈ ಮುಗಿಯುವ ದಿನ ಅದು. ಕೃತಜ್ಞತೆಯ ಬಗ್ಗೆ ಈಗ ಎಲ್ಲೆಲ್ಲೂ ಮಾತು ಕೇಳುತ್ತೇವೆ: ಬೆಳಗ್ಗೆ ಎದ್ದು ಮೂರು ಒಳ್ಳೆಯ ಸಂಗತಿ ನೆನೆಸಿಕೊಳ್ಳಿ, ಡೈರಿಯಲ್ಲಿ ಬರೆಯಿರಿ ಅಂತ. ಅದರಿಂದ ಅನುಕೂಲವಾದವರು ಬರೆಯಲಿ. ಕೊಡಗಿನಲ್ಲಿ ನಂಬಿಕೆ ಮೊದಲಿನಿಂದಲೂ ಕೈಗೆ ಹತ್ತಿದ ಕೆಲಸ. ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ಕುಲದ ಮೂಲಮನೆಯ ನಡುಮನೆಯಲ್ಲಿ, ಸಂಜೆ ದೀಪ ಹಚ್ಚುವವರಿಗೆ ಗೊತ್ತು, ಬತ್ತಿಯ ಕರಿ ತುದಿ ಚಿವುಟದೆ ಹಚ್ಚಿದರೆ ಹೊಗೆ ಬರುತ್ತದೆ, ಮಳೆಗಾಲದಲ್ಲಿ ಬತ್ತಿ ತೇವ ಎಳೆದುಕೊಂಡು ಚಟಪಟ ಸಿಡಿಯುತ್ತದೆ. ಬತ್ತಿಯನ್ನು ಒಲೆ ಹತ್ತಿರ ಒಣಗಿಸಿಟ್ಟುಕೊಳ್ಳುವುದೂ ಕುಲದ ಮೂಲಪುರುಷ ಗುರುಕಾರೋಣನಿಗೆ ಸಲ್ಲಿಸುವ ಪೂಜೆಯಲ್ಲೇ ಸೇರಿದೆ.

ಕದಿರೂ ಹಾಗೆಯೇ. ಬಿತ್ತಿ, ನೀರು ಕಟ್ಟಿ, ಹಕ್ಕಿ ಕಾದು ಬೆಳೆದ ತೆನೆಯನ್ನು ಕೊಯ್ಯುವಾಗ "ಪೊಲಿ ಪೊಲಿ ದೇವಾ" ಎಂಬ ಮಾತು ತಾನಾಗಿ ಗಂಟಲಿಗೆ ಬರುತ್ತದೆ. ಹೆಚ್ಚಲಿ, ಇನ್ನೂ ಹೆಚ್ಚಲಿ ದೇವರೇ ಅನ್ನುವುದು ಅದರ ಅರ್ಥ. ಏನು ಹೆಚ್ಚಬೇಕು, ಎಷ್ಟು ಕಷ್ಟಕ್ಕೆ ಎಷ್ಟು ಸಿಕ್ಕಿತು ಎಂಬ ಲೆಕ್ಕ ಬೆಳೆದವರಿಗೆ ಮಾತ್ರ ತಿಳಿದಿರುತ್ತದೆ.

ಗದ್ದೆ ಇಲ್ಲದವರಿಗೆ ಮೊದಲು ಬಕೆಟ್ ಲೆಕ್ಕ. 15ರಿಂದ 20 ಲೀಟರಿನ ಹಳೆ ಬಕೆಟ್ ಸಾಕು, ತಳದಲ್ಲಿ ತೂತು ಇರಬಾರದು. ಎರಡು ಪಾಲು ಜೇಡಿ ಮಣ್ಣು, ಒಂದು ಪಾಲು ಚೆನ್ನಾಗಿ ಕೊಳೆತ ಸಗಣಿ ಗೊಬ್ಬರ. ಬಾಯಿಯಿಂದ ನಾಲ್ಕು ಬೆರಳು ಕೆಳಗಿನವರೆಗೆ ತುಂಬಿ, ನೀರು ಹಾಕಿ ಕೈಯಿಂದಲೇ ಕೆಸರು ಮಾಡಿ, ಒಂದು ವಾರ ಹಾಗೇ ಬಿಡಿ. ಈ ವಾರವನ್ನು ಉಳಿಸಲು ಹೋಗಬೇಡಿ. ಗೊಬ್ಬರ ಅರ್ಧ ಕೊಳೆತಿದ್ದರೆ ಅದರ ಕಾವಿಗೆ ಸಸಿಯ ಬೇರು ಕೆಟ್ಟು, ಎಲೆ ಹಳದಿಯಾಗಿ ನಿಂತುಬಿಡುತ್ತದೆ.

ಬೀಜ ಒಂದು ಹಿಡಿ ಸಾಕು. ಐಆರ್-64ರಂಥ ಸುಮಾರು 120 ದಿನದ ತಳಿ ಆರಿಸಿಕೊಳ್ಳಿ. ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಹಾಕಿದ ನೀರಿಗೆ ಬೀಜ ಸುರಿದರೆ ಜೊಳ್ಳು ಮೇಲೆ ಬರುತ್ತದೆ. ಅದನ್ನು ತೆಗೆದು, ಮುಳುಗಿದ್ದನ್ನು ಒಳ್ಳೆಯ ನೀರಿನಲ್ಲಿ ಎರಡು ಸಲ ತೊಳೆಯಿರಿ. ಉಪ್ಪು ಉಳಿದರೆ ಮೊಳಕೆ ಏಳುವುದಿಲ್ಲ. ಒಂದು ದಿನ ನೆನೆಸಿ, ಒಂದು ದಿನ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಕಂಡ ಮೇಲೆ ತಟ್ಟೆಯಲ್ಲಿ ಬಿತ್ತಿ. ಜುಲೈ ಮಳೆಯಲ್ಲಿ ತಟ್ಟೆಯನ್ನು ಬಯಲಿಗಿಟ್ಟರೆ ಬೀಜ ಕೊಚ್ಚಿಹೋಗುತ್ತದೆ, ಸೂರಿನಡಿ ಬೆಳಕಿರುವ ಕಡೆ ಇಡಿ. 21ರಿಂದ 25 ದಿನಕ್ಕೆ ಸಸಿ ಕಿತ್ತು, ಬಕೆಟ್ಟಿಗೆ ಎರಡು ಮೂರರಂತೆ, ಎರಡು ಬೆರಳ ಆಳಕ್ಕೆ ಮಾತ್ರ ನೆಡಿ. ಗಟ್ಟಿಯಾಗಿ ನಿಲ್ಲಲಿ ಎಂದು ಆಳಕ್ಕೆ ಒತ್ತುವವರೇ ಹೆಚ್ಚು. ಆಳವಾದರೆ ತೆಂಡೆ (ಬುಡದ ಮರಿಗಳು) ಒಡೆಯುವುದು ಕಡಿಮೆ.

ದಿನಾಂಕದ ವಿಷಯ ಸ್ವಲ್ಪ ಸೂಕ್ಷ್ಮ. ಹುತ್ತರಿ ಹುಣ್ಣಿಮೆಯ ಆಸುಪಾಸಿಗೆ ಬರುವುದರಿಂದ ಒಂದು ವರ್ಷ ನವೆಂಬರ್ ಕೊನೆಗೆ, ಇನ್ನೊಂದು ವರ್ಷ ಡಿಸೆಂಬರ್ ಮಧ್ಯಕ್ಕೆ ಬೀಳಬಹುದು. ನೆರೆ (ಎಲೆಗಳ ಕಟ್ಟು) ಕಟ್ಟುವ, ಕದಿರು ತೆಗೆಯುವ, ಊಟದ ಮುಹೂರ್ತಗಳನ್ನು ಕಕ್ಕಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ನಿರ್ಣಯಿಸುತ್ತಾರೆ. ಹಾಗಾಗಿ ಒಂದೇ ಬಕೆಟ್ ನಂಬಬೇಡಿ. ಒಂದಕ್ಕೆ ಜುಲೈ 20ರ ಹೊತ್ತಿಗೆ, ಇನ್ನೊಂದಕ್ಕೆ ಹದಿನೈದು ದಿನ ತಡವಾಗಿ ಬಿತ್ತಿ. ಎರಡರಲ್ಲಿ ಒಂದು ಆ ದಿನಕ್ಕೆ ಹದವಾಗಿರುತ್ತದೆ.

ನೀರು ಒಂದು ಅಂಗುಲ ನಿಂತಿದ್ದರೆ ಸಾಕು. ಪಟ್ಟಣದಲ್ಲಿ ಒಂದು ಕಷ್ಟವಿದೆ: ಬಕೆಟ್ಟಿನ ನೀರಿನಲ್ಲಿ ಸೊಳ್ಳೆ. ನಾಲ್ಕೈದು ದಿನಕ್ಕೊಮ್ಮೆ ನೀರು ಪೂರ್ತಿ ಇಂಗಿ ಮಣ್ಣು ಕಾಣುವವರೆಗೆ ಬಿಟ್ಟು ಮತ್ತೆ ತುಂಬಿದರೆ ಮರಿಗಳು ಸಾಯುತ್ತವೆ, ಪೈರಿಗೂ ತೊಂದರೆಯಿಲ್ಲ. ಆದರೆ ಹೊಡೆ ಕಟ್ಟಿದ (ಒಳಗೆ ತೆನೆ ಮೂಡಿದ) ದಿನದಿಂದ ಕಾಳು ಹಾಲುಗಟ್ಟಿ ಮುಗಿಯುವವರೆಗೆ ಒಂದು ದಿನವೂ ಒಣಗಬಾರದು. ಆ ಹಂತದಲ್ಲಿ ಒಣಗಿದರೆ ತೆನೆ ನೋಡಲು ಚೆನ್ನಾಗಿರುತ್ತದೆ, ಒಳಗೆ ಎಲ್ಲ ಜೊಳ್ಳು. ಆರು ಗಂಟೆ ಬಿಸಿಲು ಸಿಗದ ಬಾಲ್ಕನಿಯಲ್ಲೂ ಹೀಗೇ ಆಗುತ್ತದೆ. ಎಲೆ ಕಡುಹಸಿರಾಗಲಿ ಎಂದು ಯೂರಿಯಾ ಹಾಕಬೇಡಿ. ಪೈರು ಬೀಗಿ ಮಲಗುತ್ತದೆ, ಮೋಡದ ವಾತಾವರಣದಲ್ಲಿ ಬೆಂಕಿ ರೋಗವೂ ಬೇಗ ಹತ್ತುತ್ತದೆ. ಕಾಳು ಹಾಲಾಗುವಾಗ ಗುಬ್ಬಿ, ರಾಟವಾಳ ಹುಡುಕಿಕೊಂಡು ಬರುತ್ತವೆ. ಹಳೆ ಸೊಳ್ಳೆಪರದೆಯ ಒಂದು ತುಂಡು ಮುಚ್ಚಿ.

ಊರಲ್ಲೇ ಗದ್ದೆ ಇದ್ದೂ ಬಿಟ್ಟವರಿಗೆ ಒಂದು ಮಾತು. ಆಳಿಲ್ಲ, ಬೆಲೆಯಿಲ್ಲ, ಕಾಳು ಬಲಿಯುವ ಹೊತ್ತಿಗೆ ಆನೆ ಬರುತ್ತದೆ. ಇವೆಲ್ಲ ನಿಜ, ಯಾರೂ ಸೋಮಾರಿತನಕ್ಕೆ ಗದ್ದೆ ಬಿಟ್ಟಿಲ್ಲ. ಪೂರ್ತಿ ಗದ್ದೆ ಮಾಡಿ ಎಂದು ಹೇಳುವ ಧೈರ್ಯ ನನಗಿಲ್ಲ. 5 ಸೆಂಟ್ ಮಾಡಿ. ಬೀಜ ಒಂದೂಕಾಲು ಕೆಜಿ, ಸಸಿಮಡಿಗೆ ಅರ್ಧ ಸೆಂಟ್, ಮನೆಯ ನಾಲ್ಕು ಜನ ಇಳಿದರೆ ನಾಟಿ ಒಂದು ಬೆಳಗ್ಗೆಯ ಕೆಲಸ. ಬೆಳೆ ಸರಿಯಾದರೆ ಎಂಬತ್ತು, ನೂರು ಕೆಜಿ ಭತ್ತ ಬರುತ್ತದೆ. ಹಬ್ಬದ ಪಾಯಸಕ್ಕೆ, ಕಾರೋಣನಿಗೆ ಮೀದಿ (ಎಡೆ) ಇಡುವುದಕ್ಕೆ, ನೆಂಟರಿಗೆ ಒಂದೊಂದು ಸೇರು ಕೊಡುವುದಕ್ಕೆ ಧಾರಾಳ. ನಿಂತ ನೀರು ಇಂಗಿ ಕೆಳಗಿನ ಬಾವಿಗೆ ಸೇರುವುದು ಬೇರೆ ಲಾಭ.

ಇನ್ನು ಹಬ್ಬದ ರಾತ್ರಿ. ಮಾವು, ಅರಳಿ ಮೊದಲಾದ ಎಲೆಗಳಿಂದ ನೆರೆ ಕಟ್ಟುವುದು, ಕುತ್ತಿ ಎಂಬ ಬುಟ್ಟಿ ಹೊತ್ತು ಗದ್ದೆಗೆ ಹೋಗುವುದು, ಪೈರಿನ ಬುಡಕ್ಕೆ ಹಾಲು ಜೇನು ಎರೆಯುವುದು, ಕೋವಿಯ ಈಡು, ಇವೆಲ್ಲ ನಿಮ್ಮ ಮನೆಯ ಹಿರಿಯರಿಗೆ ಗೊತ್ತು, ಮನೆಯಿಂದ ಮನೆಗೆ ಕ್ರಮ ಸ್ವಲ್ಪ ಬೇರೆಯೂ ಇರುತ್ತದೆ, ಅವರನ್ನೇ ಕೇಳಿ. ಕೊಯ್ಲಿನ ಬಗ್ಗೆ ಮಾತ್ರ ಹೇಳುತ್ತೇನೆ. ತೆನೆಯ ಮುಕ್ಕಾಲಿಗಿಂತ ಹೆಚ್ಚು ಕಾಳು ಹೊನ್ನಬಣ್ಣಕ್ಕೆ ತಿರುಗಿದ್ದರೆ ಹದ. ಪೂರ್ತಿ ಒಣಗಿದರೆ ಮನೆ ತಲುಪುವಷ್ಟರಲ್ಲಿ ಉದುರುತ್ತದೆ. ಕುಡುಗೋಲು ಹಿಂದಿನ ದಿನವೇ ಮಸೆದಿಡಿ, ಮೊಂಡು ಕತ್ತಿಯಲ್ಲಿ ಎಳೆದರೆ ಬುಡಸಮೇತ ಕಿತ್ತು ಬರುತ್ತದೆ. ಕಟ್ಟಲು ಬೇಕಾಗುವುದರಿಂದ ಕಾಂಡ ಎರಡು ಗೇಣು ಉದ್ದವಿರಲಿ. ತೆನೆಗಳ ಸಂಖ್ಯೆ ಬೆಸವಾಗಿರಬೇಕು.

ಕೊಯ್ದ ಕದಿರನ್ನು ನೆಲ್ಲಕ್ಕಿಯ ದೀಪಕ್ಕೆ, ಕಂಬಕ್ಕೆ, ಬಾವಿಗೆ, ಕಣಕ್ಕೆ, ಕೊಟ್ಟಿಗೆಗೆ ಕಟ್ಟುತ್ತಾರೆ. ನೀರು ಕೊಟ್ಟದ್ದು ಬಾವಿ, ಗೊಬ್ಬರ ಕೊಟ್ಟದ್ದು ಕೊಟ್ಟಿಗೆ. ನಮ್ಮ ಹಿರಿಯರು ಕೃತಜ್ಞತೆಯನ್ನು ಗಾಳಿಯಲ್ಲಿ ಬಿಡದೆ ವಿಳಾಸ ಬರೆದು ತಲುಪಿಸಿದ್ದಾರೆ. ಫ್ಲ್ಯಾಟಿನಲ್ಲಿರುವವರು ಅಕ್ಕಿ ಡಬ್ಬಕ್ಕೆ, ಅಡುಗೆಮನೆಯ ನಲ್ಲಿಗೆ ಕಟ್ಟಿದರೂ ಅದೇ ಅರ್ಥ ಉಳಿಯುತ್ತದೆ.

ಆದರೆ ಒಂದು ವಿಳಾಸವನ್ನು ನಾವು ಬಹಳ ಕಾಲ ಮರೆತಿದ್ದೇವೆ ಎಂದು ನನ್ನ ಅನಿಸಿಕೆ. ಕೊಡಗಿನ ಗದ್ದೆಗಳಲ್ಲಿ ಬೆನ್ನು ಬಗ್ಗಿಸಿ ನಾಟಿ ಮಾಡಿದವರಲ್ಲಿ ತಲೆಮಾರುಗಳಿಂದ ಎರವ ಬುಡಕಟ್ಟಿನವರು ಇದ್ದಾರೆ. ಈಗ ಅಸ್ಸಾಂನಿಂದ ಬಂದವರೂ ಇದ್ದಾರೆ. ಜುಲೈ ಮಳೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತದ್ದು ಅವರ ಕಾಲು. ಕೊಟ್ಟಿಗೆಗೆ ಕಟ್ಟುವ ಕದಿರನ್ನು ಕೆಲಸಗಾರರ ಲೈನ್‌ಮನೆಯ ಬಾಗಿಲಿಗೂ ಕೊಂಡೊಯ್ದು, ಮನೆಯವರ ಕೈಗೇ ಕೊಟ್ಟು, ಅವರ ಮಕ್ಕಳಿಗೆ ಹಬ್ಬದ ಸಿಹಿ ತಂಬುಟ್ಟು ಬಡಿಸಿ. ಕೂಲಿ ಬಟವಾಡೆಯಾಗಿದೆಯಲ್ಲ ಎನ್ನಬೇಡಿ. ಬಾವಿಗೆ ನಾವು ಕೂಲಿಯನ್ನೇ ಕೊಡುವುದಿಲ್ಲ, ಆದರೂ ಕದಿರು ಕಟ್ಟುತ್ತೇವೆ.

ತಂಬುಟ್ಟು ಎಂದೆನಲ್ಲ, ಅದಕ್ಕೂ ಹದವಿದೆ. 1 ಕೆಜಿ ಕುಸುಬಲಕ್ಕಿಗೆ ಒಂದು ದೊಡ್ಡ ಚಮಚ ಮೆಂತ್ಯ, ಎಂಟು ಹತ್ತು ಏಲಕ್ಕಿ. ಅಕ್ಕಿಯನ್ನು ಸಣ್ಣ ಉರಿಯಲ್ಲಿ ಅರಳುವವರೆಗೆ ಹುರಿಯಿರಿ. ಮೆಂತ್ಯ ಬೇರೆಯಾಗಿ ಹುರಿಯಬೇಕು, ಅಕ್ಕಿಯ ಜೊತೆ ಹಾಕಿದರೆ ಅದು ಮೊದಲೇ ಸೀದು ಇಡೀ ಪುಡಿ ಕಹಿಯಾಗುತ್ತದೆ. ಮರಬಾಳೆಹಣ್ಣು ಸಿಪ್ಪೆಯ ಮೇಲೆ ಕರಿ ಚುಕ್ಕೆ ಬರುವಷ್ಟು ಕಳಿತಿರಲಿ, ಇಲ್ಲವಾದರೆ ಒಗರು. ಕೈಯಿಂದ ಕಿವುಚಿ, ಐದಾರು ಹಣ್ಣಿಗೆ ಒಂದು ಲೋಟ ಪುಡಿ ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ನೀರು ಮುಟ್ಟಿಸಬೇಡಿ. ಪುಡಿ ನಿಧಾನಕ್ಕೆ ತೇವ ಹೀರುತ್ತದೆ, ಆದ್ದರಿಂದ ಮೊದಲು ಸ್ವಲ್ಪ ಸಡಿಲವಾಗಿಯೇ ಇರಲಿ, ಅರ್ಧ ಗಂಟೆಗೆ ಗಟ್ಟಿಯಾಗುತ್ತದೆ. ಮೇಲೆ ತೆಂಗಿನ ತುರಿ, ಹುರಿದ ಎಳ್ಳು, ತುಪ್ಪ. ಜೊತೆಗೆ ಬೇಯಿಸಿದ ಹುತ್ತರಿ ಗೆಣಸು, ಜೇನು. ಗೆಣಸು ಹೆಚ್ಚುವಾಗ ಕೈ ತುರಿಸುವವರು ಅಂಗೈಗೆ ತೆಂಗಿನೆಣ್ಣೆ ಸವರಿಕೊಳ್ಳಿ.

ಇದೆಲ್ಲ ಇದ್ದರೆ ಮಳೆ ಕೈಬಿಡುವುದಿಲ್ಲ, ದೇವರು ಕಾಯುತ್ತಾನೆ ಎಂಬ ಭರವಸೆ ಕೊಡಲಾರೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು ಕಡೆ ಬೆಟ್ಟ ಜರಿದು ಬಂದಾಗ ಗದ್ದೆಗಳ ಮೇಲೆ ಮಣ್ಣು, ಮರ, ಬಂಡೆ ಬಂದು ಕೂತವು. ಅಲ್ಲಿಯವರ ನಂಬಿಕೆಯಲ್ಲಿ ಏನೂ ಕೊರತೆ ಇರಲಿಲ್ಲ. ಅಂಥ ನೆಲದಲ್ಲಿ ಮತ್ತೆ ಬದು ಕಟ್ಟಿ ಬೀಜ ಬಿತ್ತುವವರನ್ನು ನೋಡಿದಾಗ, ನಂಬಿಕೆ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಅರ್ಥ ನನಗೆ ಹೊಳೆಯುವುದಿಲ್ಲ.

ಕೊನೆಗೆ ಬೀಜ. ದೀಪದ ಬಳಿ ಕಟ್ಟಿದ ಕದಿರು ಮುಂದಿನ ಹುತ್ತರಿಯವರೆಗೆ ಅಲ್ಲೇ ಇರಲಿ, ಬೀಜಕ್ಕೆಂದು ಅದನ್ನು ಮುಟ್ಟಬೇಡಿ. ಹಬ್ಬದ ಮಾರನೆ ದಿನ ಉಳಿದ ತೆನೆಗಳಲ್ಲಿ ಒಳ್ಳೆಯ ಹತ್ತನ್ನು ಆರಿಸಿ, ಕೈಯಲ್ಲೇ ಉದುರಿಸಿ, ಮೂರು ದಿನ ಎಳೆ ಬಿಸಿಲಿನಲ್ಲಿ ಒಣಗಿಸಿ. ಹಲ್ಲಿಗೆ ಹಾಕಿದರೆ ಕಟ್ ಎನ್ನಬೇಕು. ಮೆತ್ತಗೆ ಒತ್ತಿಕೊಂಡರೆ ಇನ್ನೊಂದು ದಿನ. ಬಟ್ಟೆ ಚೀಲದಲ್ಲಿ ಒಣಗಿದ ಲಕ್ಕಿ ಸೊಪ್ಪಿನ ಜೊತೆ ಕಟ್ಟಿ, ತಳಿಯ ಹೆಸರು, ಕೊಯ್ದ ದಿನಾಂಕ ಬರೆದು, ಇಲಿ ಹತ್ತದ ಎತ್ತರದಲ್ಲಿ ತೂಗುಹಾಕಿ. ಜುಲೈಗೆ ಬೇಕಾಗುತ್ತದೆ.