ಹೊಸ ಸರ್ಕಾರಿ ಕಟ್ಟಡದ ಬಾಗಿಲನ್ನು ಟೇಪು ಕತ್ತರಿಸಿಯೇ ತೆರೆಯಬೇಕಾ?

ಪರ: ಎಲ್ಲರ ಎದುರೇ ತೆರೆಯಲಿ

ಹಾಸನದವರಿಗೆ ಇದು ಹೊಸದಲ್ಲ. ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಗುಡಿ ತೆರೆಯುತ್ತದೆ. ಗರ್ಭಗುಡಿಯ ಎದುರು ನೆಟ್ಟ ಬಾಳೆಕಂದನ್ನು ಅರಸು ಮನೆತನದವರು ಕಡಿಯುತ್ತಾರೆ. ಆಮೇಲೆಯೇ ಬಾಗಿಲು. ಎಲ್ಲರ ಕಣ್ಣೂ ಆ ಕಂದಿನ ಮೇಲೆ.

ಟೇಪು ಕತ್ತರಿಸುವುದು ಬೇರೆ ಕಡೆಯ ಪದ್ಧತಿ, ನಿಜ. 19ನೇ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಹೊಸ ರೈಲು ದಾರಿಗೆ ರಿಬ್ಬನ್ ಕತ್ತರಿಸುತ್ತಿದ್ದರು. ಆದರೆ ಎರಡೂ ಹೇಳುವುದು ಒಂದೇ ಮಾತು: ಇಲ್ಲಿವರೆಗೆ ತಡೆ ಇತ್ತು, ಈಗಿಲ್ಲ, ಒಳಗೆ ಬನ್ನಿ.

ಹೊಸ ಶಾಲೆಯ ಬಾಗಿಲನ್ನು ಒಂದು ಬೆಳಿಗ್ಗೆ ಸುಮ್ನೆ ತೆಗೆದರೆ ಊರಿಗೆ ಅದು ತನ್ನದು ಅನಿಸುವುದಿಲ್ಲ. ಊರೆಲ್ಲ ಸೇರಿ, ನಾಲ್ಕು ಜನ ಮಾತಾಡಿ, ಮಕ್ಕಳಿಗೆ ಸಿಹಿ ಹಂಚಿದರೆ ಅನಿಸುತ್ತದೆ. ಗೋಡೆಯ ಕಲ್ಲಿನಲ್ಲಿ ಹೆಸರು, ತಾರೀಕು ಉಳಿಯುತ್ತದೆ. ಎರಡೇ ವರ್ಷಕ್ಕೆ ಚಾವಣಿ ಸೋರಿದರೆ ಯಾರನ್ನು ಕೇಳಬೇಕು ಅಂತ ಗೊತ್ತಿರುತ್ತದೆ. ಅದಕ್ಕೇ ಈ ಸಮಾರಂಭ ಇರಲಿ ಅನ್ನುತ್ತೇನೆ.

ವಿರೋಧ: ಕತ್ತರಿಗಾಗಿ ಜನರನ್ನು ಕಾಯಿಸಬೇಡಿ

ಹಾಸನಾಂಬೆಯ ಬಾಗಿಲಿಗೆ ತಿಥಿ ಇದೆ. ಯಾವ ದೊಡ್ಡವರು ಬರದಿದ್ದರೂ ಆ ಗುರುವಾರ ತೆರೆಯುತ್ತದೆ. ಸರ್ಕಾರಿ ಕಟ್ಟಡಕ್ಕೆ ಇರುವುದು ಮಂತ್ರಿಗಳ ಡೇಟು ಮಾತ್ರ. ವ್ಯತ್ಯಾಸ ಇರುವುದೇ ಇಲ್ಲಿ.

ನಮ್ಮ ಹೋಬಳಿಯಲ್ಲಿ ಆಸ್ಪತ್ರೆಯ ಹೊಸ ಕಟ್ಟಡಕ್ಕೆ ಬಣ್ಣ ಆಗಿತ್ತು, ನಲ್ಲಿಯಲ್ಲಿ ನೀರು, ಕರೆಂಟು ಎಲ್ಲ ಬಂದಿತ್ತು. ಬಾಗಿಲಿಗೆ ಮಾತ್ರ ಬೀಗ. ಡೇಟು ಸಿಗುವವರೆಗೆ ಬಾಣಂತಿಯರು ಹಳೇ ಇಕ್ಕಟ್ಟಿನ ಕೋಣೆಯಲ್ಲೇ ಮಲಗಿದರು. ಇದನ್ನು ಹೇಗೆ ಒಪ್ಪಿಕೊಳ್ಳುವುದು?

ಇನ್ನು, ಯಾರು ಕತ್ತರಿಸಬೇಕು ಅನ್ನುವ ಜಗಳ. 1932ರ ಮಾರ್ಚ್ 19ರಂದು ಸಿಡ್ನಿಯ ಹಾರ್ಬರ್ ಸೇತುವೆಯ ಉದ್ಘಾಟನೆ. ಕತ್ತರಿಸಬೇಕಾಗಿದ್ದವರು ಅಲ್ಲಿನ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ, ಜ್ಯಾಕ್ ಲ್ಯಾಂಗ್. ಅವರನ್ನು ವಿರೋಧಿಸುತ್ತಿದ್ದ ಫ್ರಾನ್ಸಿಸ್ ಡಿ ಗ್ರೂಟ್ ಕುದುರೆ ಏರಿ ಬಂದು ಕತ್ತಿಯಿಂದ ರಿಬ್ಬನ್ ಕಡಿದೇಬಿಟ್ಟ. ಪೊಲೀಸರು ಅವನನ್ನು ಹಿಡಿದರು. ರಿಬ್ಬನ್ನಿಗೆ ಮತ್ತೆ ಗಂಟು ಹಾಕಿ ಲ್ಯಾಂಗ್ ಕತ್ತರಿಸಿದರು. ಸೇತುವೆ ಕಟ್ಟಿದವರಿಗಿಂತ ಆ ಜಗಳವೇ ಇವತ್ತಿಗೂ ಜಾಸ್ತಿ ಜನರ ಬಾಯಲ್ಲಿದೆ. ನಮ್ಮಲ್ಲೂ ಆಹ್ವಾನ ಪತ್ರಿಕೆಯಲ್ಲಿ ಹೆಸರು ಬಿಟ್ಟುಹೋಯಿತು, ಶಿಷ್ಟಾಚಾರ ಪಾಲಿಸಲಿಲ್ಲ ಅಂತ ವೇದಿಕೆಯಲ್ಲೇ ಕೂಗಾಡುತ್ತಾರೆ, ಅಲ್ವಾ?

ಕೆಲಸ ಮುಗಿದು ತಪಾಸಣೆ ಆದ ಮರುದಿನವೇ ಬೀಗ ತೆಗೆಯಿರಿ. ಸಮಾರಂಭ ಬೇಕೇ ಬೇಕು ಅಂದರೆ ತಿಂಗಳು ಬಿಟ್ಟು ಮಾಡಿ. ಆಗ ಗಾರೆ ಕೆಲಸದವರನ್ನೂ ಕರೆಯಿರಿ, ಕತ್ತರಿಯನ್ನು ಅವರ ಕೈಗೇ ಕೊಡಿ.